ಎಳೆದುಕೊಂಡು ಹೋಗುವ ಮನೆಯೋ, ಓಡಿಸಿಕೊಂಡು ಹೋಗುವ ಮನೆಯೋ?

ಹೊಸಗಾಡಿ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಓದಿ ಓದಿ ತಲೆ ಕೆಟ್ಟಿದೆ. ಒಬ್ಬರು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ತನ್ನದೇ ಎಂಜಿನ್ ಇರುವ ಮೋಟರ್‌ಹೋಮ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮನೆಯಲ್ಲಿ ನಾನು, ಹೆಂಡತಿ, 13 ವರ್ಷದ ಮಗ, 9 ವರ್ಷದ ಮಗಳು. ಅಪ್ಪ ಕೆಲವು ಸಲ ಜೊತೆಗೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು. ವರ್ಷಕ್ಕೆ ಎರಡು ದೊಡ್ಡ ಪ್ರವಾಸ, ಮಧ್ಯೆ ಮಧ್ಯೆ ಶನಿವಾರ ಭಾನುವಾರ. ಈಗ ಇರುವ ಎಸ್‌ಯುವಿ 2,500 ಕೆಜಿ ಎಳೆಯುತ್ತದೆ ಎಂದು ಪುಸ್ತಕದಲ್ಲಿದೆ. ಹೋದ ವಾರ ಒಂದು ಟ್ರೇಲರ್ ನೋಡಿ ಬಂದೆವು, ಖಾಲಿ ತೂಕ 1,900 ಕೆಜಿ. ಮಾರುವವನು "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆಯುತ್ತದೆ ಸರ್" ಎಂದ. ಹೆಂಡತಿಗೆ ಮೋಟರ್‌ಹೋಮ್ ಮೇಲೆ ಮನಸ್ಸು. ಮಕ್ಕಳಿಗೂ ಅದೇ, ಯಾಕೆಂದರೆ ಗಾಡಿ ಓಡುವಾಗ ಒಳಗೆ ಓಡಾಡಬಹುದು, ಮಲಗಬಹುದು ಅಂತ. ನನಗೆ ಒಂದೇ ಭಯ, ಕಾರಿನದ್ದೊಂದು ಅದರದ್ದೊಂದು ಎರಡು ಎಂಜಿನ್ ಸಾಕಬೇಕಲ್ಲ. ಏನು ಮಾಡಲಿ?

ಅಲೆಮಾರಿ ಅಕ್ಕ

ಮೊದಲು ಮಕ್ಕಳ ಆಸೆಗೆ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಓಡುವ ಮೋಟರ್‌ಹೋಮ್ ಒಳಗೆ ಓಡಾಡುವಂತಿಲ್ಲ. ಬೆಲ್ಟ್ ಹಾಕಿಕೊಂಡು ಕೂರಲೇಬೇಕು. ಗಂಟೆಗೆ 80 ಕಿಮೀ ವೇಗದಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ನಿಂತಿರುವ ಮಗು ಮುಂದಿನ ಗಾಜಿಗೆ ಹೋಗಿ ಬಡಿಯುತ್ತದೆ. ನಮ್ಮದು ಒಂಬತ್ತು ವರ್ಷದ ಹಳೆಯ ಕ್ಲಾಸ್ ಸಿ, ಅಂದರೆ ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಆ ಥರದ್ದು. ಅದರಲ್ಲಿ ಆರು ಜನ ಮಲಗಬಹುದು ಎಂದು ಬರೆದಿದ್ದಾರೆ. ಬೆಲ್ಟ್ ಇರುವ ಸೀಟು ನಾಲ್ಕೇ! ನೀವು ಐದು ಜನ ಹೋಗುವವರು. ಮೋಟರ್‌ಹೋಮ್ ನೋಡಲು ಹೋದಾಗ ಹಾಸಿಗೆ ಎಣಿಸಬೇಡಿ, ಬೆಲ್ಟ್ ಎಣಿಸಿ. ಅದರಲ್ಲೂ ಮುಂದಕ್ಕೆ ಮುಖ ಮಾಡಿರುವ ಸೀಟಿನ ಬೆಲ್ಟ್ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಅಡ್ಡ ಸೋಫಾಕ್ಕೆ ಹಾಕಿರುವ ಬೆಲ್ಟ್ ಮೇಲೆ ನನಗೆ ನಂಬಿಕೆ ಇಲ್ಲ.

ಟ್ರೇಲರ್ ಓಡುವಾಗಲಂತೂ ಒಳಗೆ ಯಾರೂ ಇರಬಾರದು. ಹೆಚ್ಚಿನ ಕಡೆ ಕಾನೂನೇ ಬಿಡುವುದಿಲ್ಲ.

ಈಗ ನನ್ನದೊಂದು ಪ್ರಶ್ನೆ. ಹಿಂದಿನ ಎರಡು ದೊಡ್ಡ ಪ್ರವಾಸದಲ್ಲಿ ಒಟ್ಟು ಎಷ್ಟು ರಾತ್ರಿ ಇದ್ದಿರಿ, ಎಷ್ಟು ಜಾಗದಲ್ಲಿ ಮಲಗಿದಿರಿ? ಅದನ್ನು ಹೇಳದೆ ಯಾವ ಗಾಡಿ ಎಂದು ಯಾರೂ ಹೇಳಲು ಆಗುವುದಿಲ್ಲ.

ತಗಡುಡಬ್ಬಿ

ಒಂದು ವ್ಯಾನ್ ತಗೊಳ್ಳಿ, ಹಿಂದೆ ಹಾಸಿಗೆ ಹಾಕಿ, ಹೊರಡಿ. ಚರ್ಚೆ ಮುಗಿಯಿತು.

ಅಲೆಮಾರಿ ಅಕ್ಕ

ಐದು ಜನ ಕಣೋ. ಮೊಣಕಾಲು ನೋವಿನ ಅಪ್ಪನನ್ನು ಚಾವಣಿ ಮೇಲೆ ಮಲಗಿಸುತ್ತೀಯಾ?

ಕೊಕ್ಕೆಸರಪಳಿ

ಹೊಸಗಾಡಿ ಸರ್, ಆ 2,500 ಅನ್ನೋ ಅಂಕಿ ಸ್ವಲ್ಪ ಹೊತ್ತು ಮರೆತುಬಿಡಿ. ಎಳೆಯುವ ತಾಕತ್ತು ಮುಗಿಯುವ ಮುಂಚೆ ಹೊರುವ ತಾಕತ್ತು ಮುಗಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದವನೇ.

ಎತ್ತಿನ ಗಾಡಿ ನೋಡಿದ್ದೀರಲ್ಲ. ಹೇರು ಪೂರ್ತಿ ಹಿಂದಕ್ಕೆ ಬಿದ್ದರೆ ಮೂಕಿ ಮೇಲಕ್ಕೆ ಏಳುತ್ತದೆ, ನೊಗ ಎತ್ತಿನ ಕತ್ತಿಗೆ ಒತ್ತುತ್ತದೆ. ಪೂರ್ತಿ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರ್ ಕೂಡ ಹಾಗೇ. ಅದರ ಮೂಗಿನ ಭಾರ, ಅಂದರೆ ಟಂಗ್ ವೇಟ್, ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15 ಇರಬೇಕು. ಆ ಭಾರ ಪೂರ್ತಿ ನಿಮ್ಮ ಕಾರಿನ ಹಿಂಬದಿಯ ಮೇಲೆ ಕೂರುತ್ತದೆ. ಅದು ಸರಕಿನ ಲೆಕ್ಕಕ್ಕೆ ಬರುತ್ತದೆ, ಎಳೆಯುವ ಲೆಕ್ಕಕ್ಕಲ್ಲ.

ಡ್ರೈವರ್ ಬಾಗಿಲು ತೆರೆದು ಕಂಬದ ಮೇಲೆ ಅಂಟಿಸಿರುವ ಚೀಟಿ ನೋಡಿ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಕೆಜಿ ಮೀರಬಾರದು ಎಂದು ಇರುತ್ತದೆ. ಅದನ್ನು ತಂದು ಇಲ್ಲಿ ಹಾಕಿ. ಜೊತೆಗೆ ಮನೆಯವರೆಲ್ಲರ ತೂಕ. ನಾಚಿಕೊಳ್ಳಬೇಡಿ.

ಇನ್ನೊಂದು ಮಾತು. ಖಾಲಿ ತೂಕ ಅಂದರೆ ನಿಜವಾಗಲೂ ಖಾಲಿ. ನೀರಿಲ್ಲ, ಪಾತ್ರೆ ಇಲ್ಲ, ಹಾಸಿಗೆ ಬಟ್ಟೆ ಇಲ್ಲ, ಎಷ್ಟೋ ಸಲ ಬ್ಯಾಟರಿ ಮತ್ತು ಗ್ಯಾಸ್ ಸಿಲಿಂಡರ್ ಕೂಡ ಲೆಕ್ಕದಲ್ಲಿ ಇರುವುದಿಲ್ಲ. ಒಂದು ಲೀಟರ್ ನೀರಿಗೆ ಒಂದು ಕೆಜಿ. 150 ಲೀಟರ್ ಟ್ಯಾಂಕ್ ತುಂಬಿಸಿದರೆ ಇಬ್ಬರು ದೊಡ್ಡವರನ್ನು ಹತ್ತಿಸಿಕೊಂಡ ಹಾಗೆ. ಕುಟುಂಬದ ಸಾಮಾನಿಗೆ ಖಾಲಿ ತೂಕದ ಮೇಲೆ 400 ಕೆಜಿ ಹಾಕಿಕೊಳ್ಳಿ, ಜಾಸ್ತಿ ಅಂತ ಅನಿಸಿದರೂ ಹಾಕಿಕೊಳ್ಳಿ.

ಹೊಸಗಾಡಿ

ಈಗಷ್ಟೇ ಟಾರ್ಚ್ ಹಿಡಿದುಕೊಂಡು ಹೋಗಿ ನೋಡಿ ಬಂದೆ. ಚೀಟಿಯಲ್ಲಿ 600 ಕೆಜಿ ಎಂದಿದೆ.

ನಾನು 78, ಹೆಂಡತಿ 62 (ಅವಳೇ ಹೇಳಿದ್ದು, ನಾನು ವಾದ ಮಾಡಲಿಲ್ಲ), ಮಗ 48, ಮಗಳು 29, ಅಪ್ಪ 70. ಒಟ್ಟು 287. ಕಾರಿನ ಡಿಕ್ಕಿಯಲ್ಲಿ ಒಂದು 60 ಕೆಜಿ ಸಾಮಾನು. ಟ್ರೇಲರ್ 1,900ಕ್ಕೆ 400 ಸೇರಿಸಿದರೆ 2,300. ಅದರ ಶೇ. 12 ಅಂದರೆ 276. ಎಲ್ಲ ಕೂಡಿದರೆ 623.

ಅಯ್ಯೋ. ಇನ್ನೂ ಗಾಡಿ ಹೊರಟೇ ಇಲ್ಲ!

ಕೊಕ್ಕೆಸರಪಳಿ

ಹಿಚ್, ಅಂದರೆ ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಅದರ ತೂಕ ಬಿಟ್ಟಿದ್ದೀರಿ. ಭಾರ ಹಂಚುವ ಸ್ಪ್ರಿಂಗ್ ಬಾರ್ ಇರುವ ಹಿಚ್ ಹಾಕಿದರೆ ಇನ್ನೊಂದು 40 ಕೆಜಿ. ಅಲ್ಲಿಗೆ 663. ಅದು ಮುಂದಿನ ಚಕ್ರಕ್ಕೆ ಭಾರ ವಾಪಸ್ ಕೊಡುತ್ತದೆ, ಕಾರಿನ ಮೂಗು ಮೇಲೇಳುವುದನ್ನು ತಡೆಯುತ್ತದೆ. ಆದರೆ ಚೀಟಿಯ ಅಂಕಿಯನ್ನು ದೊಡ್ಡದು ಮಾಡುವುದಿಲ್ಲ. ಮಾಡುತ್ತದೆ ಎಂದು ಹೇಳುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ನೋಡಿ, ಮಾರುವವನು ಸುಳ್ಳು ಹೇಳಿಲ್ಲ. ಕಾರು ಆ ಟ್ರೇಲರನ್ನು ಎಳೆಯುತ್ತದೆ. ನೀವು ಐದೂ ಜನ ಒಳಗೆ ಕೂರುವಂತಿಲ್ಲ, ಅಷ್ಟೇ.

ತಗಡುಡಬ್ಬಿ

ಸಾಮಾನೆಲ್ಲ ಟ್ರೇಲರಿನ ಹಿಂಭಾಗಕ್ಕೆ ತುಂಬಿದರೆ ಮೂಗಿನ ಭಾರ ಕಮ್ಮಿ ಆಗುತ್ತಲ್ಲ ಗುರೂ? ಸಮಸ್ಯೆ ಮುಗೀತು.

ಕೊಕ್ಕೆಸರಪಳಿ

ಇದನ್ನೇ ನಾನು ಮಾಡಿದ್ದು. ಬರೆಯುತ್ತೇನೆ, ಪೂರ್ತಿ ಓದು.

ಮೊದಲ ವರ್ಷ. ಹಿಂದಿನ ಬಂಪರಿಗೆ ರ‍್ಯಾಕ್ ಹಾಕಿ ನಾಲ್ಕು ಸೈಕಲ್ ನೇತು ಹಾಕಿದ್ದೆ, ಮೂಗು ಹಗುರ ಆಯಿತು ಅಂತ ಖುಷಿಯೂ ಪಟ್ಟಿದ್ದೆ. ಉದ್ದನೆಯ ಇಳಿಜಾರು. ವೇಗ 100ರ ಹತ್ತಿರ. ಎಡಗಡೆ ಬಯಲು, ಅಡ್ಡ ಗಾಳಿ. ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದು ಹೋಯಿತು. ಅದು ಬರುವಾಗ ಗಾಳಿ ನಮ್ಮನ್ನು ಆಚೆಗೆ ತಳ್ಳಿತು, ದಾಟಿದ ಮೇಲೆ ಈಚೆಗೆ ಎಳೆಯಿತು. ಕನ್ನಡಿಯಲ್ಲಿ ಟ್ರೇಲರಿನ ಬಲಮೂಲೆ ಕಾಣಿಸಿತು. ಆಮೇಲೆ ಎಡಮೂಲೆ. ಆಮೇಲೆ ಮತ್ತೆ ಬಲಮೂಲೆ, ಈ ಸಲ ಇನ್ನೂ ಜಾಸ್ತಿ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ, ಹಾಗೆ ಕಾರು ಒಂದು ಕಡೆ, ಟ್ರೇಲರ್ ಒಂದು ಕಡೆ. ಸ್ಟಿಯರಿಂಗ್ ಕೈಯಲ್ಲಿದೆ, ಆದರೆ ಗಾಡಿ ನನ್ನ ಮಾತು ಕೇಳುತ್ತಿಲ್ಲ. ಹೆಂಡತಿ ಒಂದು ಮಾತೂ ಆಡಲಿಲ್ಲ, ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದಳು.

ಆಗ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಒತ್ತಿದರೆ ಕೆಟ್ಟಿತು. ಕಾರು ನಿಧಾನ ಆಗುತ್ತದೆ, ಟ್ರೇಲರ್ ಹಿಂದಿನಿಂದ ತಳ್ಳಿ ಮಡಚಿಕೊಳ್ಳುತ್ತದೆ. ಆಕ್ಸಿಲರೇಟರ್ ಬಿಡಬೇಕು. ಸ್ಟಿಯರಿಂಗ್ ನೇರ ಹಿಡಿಯಬೇಕು, ಎಡಕ್ಕೆ ಬಲಕ್ಕೆ ತಿರುಗಿಸಿ ಸರಿ ಮಾಡಲು ಹೋಗಬಾರದು. ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ ಇದ್ದರೆ ಅದರ ಲಿವರ್ ಕೈಯಲ್ಲಿ ಒತ್ತಿ ಟ್ರೇಲರಿಗೆ ಮಾತ್ರ ಬ್ರೇಕ್ ಕೊಡಬೇಕು. ಆಗ ಅದು ಹಿಂದಕ್ಕೆ ಜಗ್ಗಿ ನೇರ ಆಗುತ್ತದೆ. ನನಗೆ ಇದನ್ನು ಒಬ್ಬರು ಮೊದಲೇ ಹೇಳಿದ್ದರು, ಅದೃಷ್ಟ. ಪಕ್ಕಕ್ಕೆ ನಿಲ್ಲಿಸಿ ಇಳಿದಾಗ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಸೈಕಲ್ ಬಿಚ್ಚಿ ಟ್ರೇಲರ್ ಒಳಗೆ ಅಚ್ಚಿನ ಮೇಲೆ, ನಡುವಿಗೆ ಸರಿಯಾಗಿ ಮಲಗಿಸಿದೆವು. ಉಳಿದ ದಾರಿ 80 ದಾಟಲಿಲ್ಲ.

ಹಿಂಭಾರ ಮಾಡಿ ಲೆಕ್ಕ ಸರಿದೂಗಿಸಬೇಡ ತಮ್ಮಾ.

ತಗಡುಡಬ್ಬಿ

ಓದಿದೆ ಅಣ್ಣ. ಸಾರಿ.

ಅಲೆಮಾರಿ ಅಕ್ಕ

ಇದಕ್ಕೇ ನಾನು ಮೋಟರ್‌ಹೋಮ್ ಕಡೆ ಹೋದದ್ದು. ಒಂದೇ ದೇಹ, ಅಲ್ಲಾಡಿದರೂ ಒಟ್ಟಿಗೆ ಅಲ್ಲಾಡುತ್ತದೆ. ಗಾಳಿಗೆ ಅದೂ ತಳ್ಳಿಸಿಕೊಳ್ಳುತ್ತದೆ, ಇಲ್ಲ ಅನ್ನುವುದಿಲ್ಲ, ಆದರೆ ಹಿಂದಿನಿಂದ ಯಾರೂ ಬಾಲ ಹಿಡಿದು ಜಗ್ಗುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಜೋರು ಮಳೆಯಲ್ಲಿ ಜಾಗ ತಲುಪುತ್ತೀರಿ ಅಂದುಕೊಳ್ಳಿ. ನಾನು ಹ್ಯಾಂಡ್ ಬ್ರೇಕ್ ಎಳೆಯುತ್ತೇನೆ, ಸೀಟು ತಿರುಗಿಸುತ್ತೇನೆ, ಒಲೆ ಹಚ್ಚುತ್ತೇನೆ. ಚಪ್ಪಲಿ ಕೂಡ ಒದ್ದೆ ಆಗುವುದಿಲ್ಲ. ಪಕ್ಕದ ಜಾಗದಲ್ಲಿ ಟ್ರೇಲರಿನವರು ರೇನ್‌ಕೋಟ್ ಹಾಕಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು, ಮಟ್ಟ ನೋಡುತ್ತಾ ಹಲಗೆ ಇಡುತ್ತಾ ಇರುತ್ತಾರೆ. ನಗು ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಆದರೆ ಮಾರನೇ ದಿನ ಅವರು ನಗುತ್ತಾರೆ. ಮಗಳಿಗೆ ಜ್ವರದ ಔಷಧಿ ತರಬೇಕಾಗಿ ಬಂತು, ಅಂಗಡಿ ಆರು ಕಿಲೋಮೀಟರ್ ದೂರ. ಕರೆಂಟ್ ವೈರ್ ತೆಗಿ, ನೀರಿನ ಪೈಪ್ ಸುತ್ತು, ಮೇಲಿನ ಕಪಾಟು ಭದ್ರ ಮಾಡು, ಮೆಟ್ಟಿಲು ಒಳಗೆ ಹಾಕು, ಜ್ವರದ ಮಗುವನ್ನು ಎಬ್ಬಿಸಿ ಸೀಟಿಗೆ ಕಟ್ಟು. ಒಂದು ಬಾಟಲಿ ಔಷಧಿಗೆ ಇಡೀ ಮನೆ ಹೊರಟಿತು. ಅಂಗಡಿ ಮುಂದೆ ನಿಲ್ಲಿಸಲು ಜಾಗ ಇಲ್ಲ, ಅದು ಬೇರೆ.

ಹಿಂದೆ ಚಿಕ್ಕ ಕಾರು ಕಟ್ಟಿಕೊಂಡು ಹೋಗಬಹುದು. ನಾಲ್ಕೂ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಹೋಗಲು ಎಲ್ಲ ಕಾರಿಗೂ ಆಗುವುದಿಲ್ಲ, ಗೇರ್‌ಬಾಕ್ಸ್ ಸುಟ್ಟು ಹೋಗುತ್ತದೆ. ಕಾರಿನ ಪುಸ್ತಕದಲ್ಲಿ ಆಗುತ್ತದೆ ಎಂದು ಬರೆದಿದ್ದರೆ ಮಾತ್ರ ಮಾಡಿ. ಕಟ್ಟಿದ ಮೇಲೆ ರಿವರ್ಸ್ ಹೋಗುವಂತಿಲ್ಲ. ತಪ್ಪು ಗಲ್ಲಿಗೆ ಹೊಕ್ಕರೆ ಇಳಿದು ಬಿಚ್ಚಲೇಬೇಕು. ಅಲ್ಲಿಗೆ ನಾವೂ ಟ್ರೇಲರಿನವರೇ ಆದೆವು, ಅಳಿಯ ಅಲ್ಲ ಮಗಳ ಗಂಡ!

ಸ್ಪ್ಯಾನರ್ 17

ಗ್ಯಾರೇಜಿನ ಕಡೆಯಿಂದ ಎರಡು ಮಾತು. ಇಪ್ಪತ್ತು ವರ್ಷದಿಂದ ಎರಡೂ ಥರದ್ದು ರಿಪೇರಿ ಮಾಡುತ್ತಿದ್ದೇನೆ.

ಎರಡು ಎಂಜಿನ್ ಸಾಕುವ ಭಯ ಸರಿಯಾದ ಭಯ. ಮೋಟರ್‌ಹೋಮ್‌ಗೆ ನಿಲ್ಲುವುದೇ ಕಾಯಿಲೆ. ವರ್ಷಕ್ಕೆ ಎಂಟು ತಿಂಗಳು ನಿಂತರೆ ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಪೆಟ್ರೋಲ್ ಹಳಸುತ್ತದೆ, ಇಲಿ ವೈರ್ ಕಡಿಯುತ್ತದೆ. ಜನರೇಟರ್ ಇದ್ದರೆ ತಿಂಗಳಿಗೊಮ್ಮೆ ಕರೆಂಟ್ ಲೋಡ್ ಹಾಕಿ ಓಡಿಸಬೇಕು, ಇಲ್ಲದಿದ್ದರೆ ಕಾರ್ಬ್ಯುರೇಟರ್ ಅಂಟಿಕೊಳ್ಳುತ್ತದೆ. ನನ್ನ ಹತ್ತಿರ ಬರುವ ಜನರೇಟರ್‌ಗಳಲ್ಲಿ ಓಡಿ ಕೆಟ್ಟದ್ದಕ್ಕಿಂತ ನಿಂತು ಕೆಟ್ಟದ್ದೇ ಜಾಸ್ತಿ.

ಇನ್ನೊಂದು. ಮೋಟರ್‌ಹೋಮ್ ಎಂಜಿನ್ ಕೆಟ್ಟರೆ ಮನೆಯೇ ಗ್ಯಾರೇಜಿಗೆ ಬರುತ್ತದೆ. ಪಾರ್ಟ್ಸ್ ಬರಲು ಐದು ದಿನ ಅಂದರೆ ನೀವು ಐದು ದಿನ ಎಲ್ಲಿ ಮಲಗುತ್ತೀರಿ? ಟ್ರೇಲರಿನವರು ಕಾರು ಬಿಟ್ಟು ಟ್ರೇಲರಿನಲ್ಲಿ ಮಲಗುತ್ತಾರೆ. ಹತ್ತು ವರ್ಷ ಆದ ಮೇಲೆ ಕಾರು ಬದಲಾಯಿಸಿ ಟ್ರೇಲರ್ ಇಟ್ಟುಕೊಳ್ಳಬಹುದು. ಮೋಟರ್‌ಹೋಮಿನಲ್ಲಿ ಅಡುಗೆಮನೆ ಚೆನ್ನಾಗಿದ್ದು ಎಂಜಿನ್ ಹೋದರೆ ಎರಡೂ ಹೋದ ಹಾಗೆ.

ಹಾಗಂತ ಟ್ರೇಲರಿಗೆ ಖರ್ಚಿಲ್ಲ ಅಂದುಕೊಳ್ಳಬೇಡಿ. ಚಕ್ರದ ಬೇರಿಂಗ್ ಬಿಚ್ಚಿ ವರ್ಷಕ್ಕೊಮ್ಮೆ ಗ್ರೀಸ್ ತುಂಬಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 80 ಕಿಮೀ ಒಳಗೆ ನಟ್ ಮತ್ತೆ ಬಿಗಿ ಮಾಡಿ. ಟೈರ್ ಸವೆದು ಹೋಗುವ ಮುಂಚೆ ವಯಸ್ಸಾಗಿ ಹೋಗುತ್ತದೆ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ, 2319 ಎಂದಿದ್ದರೆ 2019ರ 23ನೇ ವಾರ ಹುಟ್ಟಿದ ಟೈರ್. ಟೈರಿನ ಗೆರೆ ಎಷ್ಟೇ ಆಳ ಇರಲಿ, ಐದಾರು ವರ್ಷ ಆದರೆ ನಾನಂತೂ ಬದಲಾಯಿಸುತ್ತೇನೆ. ಹಳೆ ಗಾಡಿ ಕೊಳ್ಳುವಾಗ ಎಲ್ಲರೂ ಪರದೆ, ಸೋಫಾ ನೋಡುತ್ತಾರೆ, ಟೈರಿನ ವಯಸ್ಸು ಒಬ್ಬರೂ ನೋಡುವುದಿಲ್ಲ.

ಎರಡಕ್ಕೂ ದೊಡ್ಡ ಶತ್ರು ನೀರು. ಚಾವಣಿಯ ಕಿಟಕಿ ಸುತ್ತ, ಮೂಲೆಗಳಲ್ಲಿ ಸೀಲ್ ಒಡೆದಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಮರ ಕೊಳೆತು ಹಿಟ್ಟಾಗಿರುತ್ತದೆ. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ. ಬ್ರೆಡ್ಡಿನ ಹಾಗೆ ಒಳಗೆ ಹೋದರೆ ನಮಸ್ಕಾರ ಹೇಳಿ ಬನ್ನಿ.

ನಿಧಾನವೇ ಪ್ರಧಾನ

ನಾವಿಬ್ಬರು, ನಾನು ಮತ್ತು ನನ್ನವಳು, ಏಳು ವರ್ಷದಿಂದ ಫಿಫ್ತ್ ವೀಲಿನಲ್ಲೇ ವಾಸ, ಅದು ಪಿಕಪ್ ಟ್ರಕ್ಕಿಗೆ ಕಟ್ಟುವ ಥರದ ಟ್ರೇಲರ್. ಈ ಹೆಸರು ಎಲ್ಲಿಂದ ಬಂತು ಗೊತ್ತಾ? ಹಳೆ ಕಾಲದ ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚು ತಿರುಗಲಿ ಎಂದು ಅದರ ಮೇಲೆ ಒಂದು ಚಕ್ರವನ್ನು ಅಡ್ಡಲಾಗಿ ಮಲಗಿಸುತ್ತಿದ್ದರು. ನಾಲ್ಕು ಚಕ್ರದ ಗಾಡಿಗೆ ಅದು ಐದನೆಯದು. ಈಗ ಅದೇ ಹೆಸರು ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ ಕೂರುವ ಕೊಂಡಿಗೆ ಬಂದಿದೆ.

ಗುಟ್ಟು ಆ ಕೊಂಡಿ ಕೂರುವ ಜಾಗದಲ್ಲಿದೆ. ಸಾಧಾರಣ ಟ್ರೇಲರ್ ಬಂಪರಿನ ಆಚೆ ನೇತಾಡುತ್ತದೆ. ಇದು ಹಿಂದಿನ ಅಚ್ಚಿನ ಮೇಲೆಯೇ ಕೂರುತ್ತದೆ. ಅದಕ್ಕೇ ಕೊಕ್ಕೆಸರಪಳಿ ಹೇಳಿದ ಆ ಬಾಲ ಅಲ್ಲಾಡಿಸುವ ಆಟ ತುಂಬ ಕಡಿಮೆ. ಆದರೆ ತೂಕದಲ್ಲಿ ಶೇ. 20ರ ಆಸುಪಾಸು ಟ್ರಕ್ಕಿನ ಮೇಲೆ ಬೀಳುತ್ತದೆ. ಎಸ್‌ಯುವಿಗೆ ಆಗುವ ಮಾತೇ ಅಲ್ಲ, ಪಿಕಪ್ ಬೇಕೇ ಬೇಕು. ಅಪ್ಪನಿಗೆ ಮೊಣಕಾಲು ನೋವು ಅಂದಿರಿ. ಫಿಫ್ತ್ ವೀಲಿನಲ್ಲಿ ಮಲಗುವ ಕೋಣೆಗೆ ಒಳಗೇ ಮೂರು ನಾಲ್ಕು ಮೆಟ್ಟಿಲು ಇರುತ್ತವೆ. ನಿಮಗೆ ಬೇಡ.

ಅಂದಹಾಗೆ ಯುರೋಪಿನ ಲೆಕ್ಕ ಬೇರೆ, ಅಲ್ಲಿಯ ವೀಡಿಯೊ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಟ್ರೇಲರಿಗೆ ಕ್ಯಾರವಾನ್ ಅನ್ನುತ್ತಾರೆ, ಅದು ಹಗುರ, ಮೂಗಿನ ಭಾರವೂ ಎಷ್ಟೋ ಕಡಿಮೆ, ವೇಗವೂ ಕಡಿಮೆ. ಜರ್ಮನಿಯಲ್ಲಿ ಕ್ಯಾರವಾನ್ ಎಳೆಯುವವರಿಗೆ ಮಾಮೂಲಿ ಮಿತಿ 80, ಪರೀಕ್ಷೆ ಮಾಡಿಸಿ ಅನುಮತಿ ಪಡೆದರೆ ಹೆದ್ದಾರಿಯಲ್ಲಿ 100. ಅಲ್ಲಿಯ ಮೋಟರ್‌ಹೋಮ್‌ಗಳನ್ನು ಹೆಚ್ಚಾಗಿ 3,500 ಕೆಜಿ ಒಳಗೆ ಕಟ್ಟುತ್ತಾರೆ, ಕಾರಿನ ಲೈಸೆನ್ಸಿಗೆ ಹೊಂದಲಿ ಅಂತ. ಆಮೇಲೆ ಜನ, ನೀರು, ಸೈಕಲ್ ತುಂಬಿದರೆ ಅಲ್ಲೂ ಇದೇ ಗೋಳು. ಮೋಟರ್‌ಹೋಮ್ ಅಂದರೆ ತೂಕದ ಚಿಂತೆ ಇಲ್ಲ ಅಂತಲ್ಲ.

ತಗಡುಡಬ್ಬಿ

ಇಂಧನದ ಬಗ್ಗೆ ಯಾರೂ ಮಾತಾಡುತ್ತಲೇ ಇಲ್ಲ. ನನ್ನ ವ್ಯಾನ್ ಲೀಟರಿಗೆ 8 ಕಿಮೀ ಕೊಡುತ್ತದೆ. ಬಸ್ಸಿನಂಥ ಕ್ಲಾಸ್ ಎ ಪೆಟ್ರೋಲ್ ಗಾಡಿ 3ರಿಂದ 4. ಸುಮ್ನೆ ಹೇಳಿದೆ.

ಕೊಕ್ಕೆಸರಪಳಿ

ನನ್ನದು ಟ್ರೇಲರ್ ಕಟ್ಟಿದಾಗ 4, ಬಿಚ್ಚಿದಾಗ 9. ವಾರಪೂರ್ತಿ ಅಲ್ಲೇ ಸುತ್ತುವಾಗ ನಾನು ಬಿಚ್ಚಿಕೊಂಡೇ ಓಡುವುದು. ತೂಕಕ್ಕಿಂತ ಗಾಳಿಯೇ ಜಾಸ್ತಿ ಕುಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 110ರಿಂದ 90ಕ್ಕೆ ಇಳಿಸಿದರೆ ಆ ತಡೆಯಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ. ಯಾವ ಗಾಡಿ ಎನ್ನುವುದಕ್ಕಿಂತ ಯಾರ ಕಾಲು ಎನ್ನುವುದು ಮುಖ್ಯ.

ಅಲೆಮಾರಿ ಅಕ್ಕ

ಎತ್ತರವನ್ನೂ ಬರೆದಿಟ್ಟುಕೊಳ್ಳಿ. ಕಾರು ಓಡಿಸಿದವರಿಗೆ ತಲೆಯ ಮೇಲೆ ಏನಿದೆ ಎಂಬ ಯೋಚನೆಯೇ ಇರುವುದಿಲ್ಲ. ಅಮೆರಿಕದ ಡರ್ಹಾಮ್ ಊರಿನಲ್ಲಿ 11 ಅಡಿ 8 ಇಂಚಿನ ಒಂದು ರೈಲು ಸೇತುವೆ ಇತ್ತು, ಟ್ರಕ್ಕು, ನಮ್ಮಂಥ ಮನೆಗಾಡಿ ಎಲ್ಲದರ ಚಾವಣಿ ಸುಲಿಯುತ್ತಿತ್ತು. ಹಳದಿ ದೀಪ, ಬೋರ್ಡು ಎಲ್ಲ ಹಾಕಿ ಸಾಕಾಗಿ 2019ರಲ್ಲಿ 8 ಇಂಚು ಎತ್ತರಿಸಿದರು. ಆಮೇಲೂ ಬಂದು ಬಡಿಯುವವರು ನಿಂತಿಲ್ಲ! ಎ.ಸಿ. ಸೇರಿಸಿ ಎತ್ತರ ಅಳೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ನಮ್ಮದರಲ್ಲಿ ಮಗಳ ಕೈಬರಹದಲ್ಲಿದೆ.

ಹೊಸಗಾಡಿ

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ. ಹಿಂದಿನ ಎರಡು ದೊಡ್ಡ ಪ್ರವಾಸ ಸೇರಿ 31 ರಾತ್ರಿ. ಎಣಿಸಿದರೆ ಮಲಗಿದ್ದು ಏಳೇ ಜಾಗದಲ್ಲಿ. ನಾವು ಊರೂರು ಸುತ್ತುವ ಜನ ಅಂದುಕೊಂಡಿದ್ದೆ. ಆದರೆ ಒಂದು ಕಡೆ ಕೂತು ಅಲ್ಲಿಂದ ಸುತ್ತಮುತ್ತ ನೋಡಿ ಬರುವವರು ಅಂತ ಈಗ ಗೊತ್ತಾಗುತ್ತಿದೆ.

ಅಲೆಮಾರಿ ಅಕ್ಕ

ಹಾಗಾದರೆ ನಾನು ಮೋಟರ್‌ಹೋಮಿನವಳಾಗಿ ಹೇಳುತ್ತಿದ್ದೇನೆ, ನಿಮಗೆ ಟ್ರೇಲರ್. ದಿನಾ ಜಾಗ ಬದಲಾಯಿಸುವ ನನ್ನಂಥವರಿಗೆ ದಿನಾ ಕಟ್ಟುವುದು ಬಿಚ್ಚುವುದು ಶಿಕ್ಷೆ. ನಾಲ್ಕೈದು ದಿನಕ್ಕೊಮ್ಮೆ ಅಂದರೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಆ 1,900ರ ಟ್ರೇಲರ್ ಬೇಡ. ಮತ್ತೆ ಕೊಳ್ಳುವ ಮುಂಚೆ ಎರಡನ್ನೂ ಬಾಡಿಗೆಗೆ ತಗೊಂಡು ನೋಡಿ. ಅಪ್ಪನನ್ನು ಕರೆದುಕೊಂಡು ಹೋಗಿ. ಬಿಸಿಲಿನ ವಾರ ಆರಿಸಬೇಡಿ, ಮಳೆ ಇರುವ ವಾರ ಹೋಗಿ.

ಹೊಸಗಾಡಿ

ಸರಿ ಅಕ್ಕ. ಆದರೆ ರಿವರ್ಸ್? ನಿಜ ಹೇಳಬೇಕೆಂದರೆ ನನಗೆ ಅದೇ ದೊಡ್ಡ ಭಯ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುತ್ತದಂತೆ.

ನಿಧಾನವೇ ಪ್ರಧಾನ

ಸ್ಟಿಯರಿಂಗನ್ನು ಕೆಳಗಡೆ, ಗಡಿಯಾರದ 6ರ ಜಾಗದಲ್ಲಿ ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕೆಂದರೆ ಕೈ ಎಡಕ್ಕೆ. ಬಲಕ್ಕೆ ಹೋಗಬೇಕೆಂದರೆ ಬಲಕ್ಕೆ. ಇಷ್ಟೇ. ಸ್ವಲ್ಪ ಸ್ವಲ್ಪ ತಿರುಗಿಸಿ, ಕಾಯಿರಿ, ಕೆಟ್ಟರೆ ಮುಂದೆ ಬಂದು ಮತ್ತೆ ಶುರು ಮಾಡಿ. ಮುಂದೆ ಬರುವುದರಲ್ಲಿ ಅವಮಾನ ಏನೂ ಇಲ್ಲ. ಉದ್ದ ಟ್ರೇಲರ್ ನಿಧಾನಕ್ಕೆ ಪ್ರತಿಕ್ರಿಯೆ ಕೊಡುತ್ತದೆ, ಗಿಡ್ಡ ಟ್ರೇಲರ್ ಚುರುಕು, ಹೊಸಬರಿಗೆ ಗಿಡ್ಡದ್ದೇ ಕಷ್ಟ. ಹಿಂದೆ ನಿಂತು ದಾರಿ ತೋರಿಸುವವರು ಯಾವಾಗಲೂ ನಿಮ್ಮ ಕನ್ನಡಿಯಲ್ಲಿ ಕಾಣಬೇಕು. ಅವರು ನಿಮಗೆ ಕಾಣದಿದ್ದರೆ ನಿಲ್ಲಿಸಿಬಿಡಿ. ಕೂಗಾಡುವುದಕ್ಕಿಂತ ಫೋನಿನಲ್ಲಿ ಮಾತಾಡಿಕೊಳ್ಳಿ, ಪಕ್ಕದವರಿಗೆ ಮನರಂಜನೆ ತಪ್ಪುತ್ತದೆ ಅಷ್ಟೇ.

ಸ್ಪ್ಯಾನರ್ 17

ಬಿಚ್ಚುವ ಮುಂಚೆ ಟೈರಿಗೆ ಕಲ್ಲು ಕೊಡಿ. ಎರಡೂ ಕಡೆ, ಹಿಂದೆ ಮುಂದೆ. ಇದನ್ನು ಮರೆತ ಒಬ್ಬರ ಟ್ರೇಲರ್ ತಾನೇ ಹೊರಟು ಕೆರೆ ದಂಡೆಯ ಮರಕ್ಕೆ ಒರಗಿ ನಿಂತಿತ್ತು. ಮರ ಇತ್ತು, ಪುಣ್ಯ. ಕ್ರಮ ಇದು: ಮೊದಲು ಎಡಬಲ ಮಟ್ಟ, ಆಮೇಲೆ ಕಲ್ಲು, ಆಮೇಲೆ ಬಿಚ್ಚುವುದು, ಕೊನೆಗೆ ಮುಂದಿನ ಜಾಕಿನಲ್ಲಿ ಹಿಂದುಮುಂದಿನ ಮಟ್ಟ. ನಾಲ್ಕು ಮೂಲೆಯ ಜಾಕ್ ಅಲುಗಾಡದಿರಲು ಮಾತ್ರ, ಗಾಡಿ ಎತ್ತಲು ಅಲ್ಲ.

ಹೊಸಗಾಡಿ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಡ ಆಯಿತು. ಎರಡನ್ನೂ ನಾಲ್ಕು ನಾಲ್ಕು ದಿನ ಬಾಡಿಗೆಗೆ ತಗೊಂಡೆವು.

ಮೋಟರ್‌ಹೋಮ್ ಮೊದಲು. ಐದು ಬೆಲ್ಟ್ ಇರುವುದನ್ನೇ ಹುಡುಕಿದೆ. ಓಡಿಸಲು ಅಂದುಕೊಂಡಷ್ಟು ಕಷ್ಟ ಇಲ್ಲ. ಬಾಲ ಮಾತ್ರ ಜೋಪಾನ, ಹಿಂದಿನ ಚಕ್ರದ ಆಚೆ ಅಷ್ಟುದ್ದ ಇರುತ್ತದೆ, ಎಡಕ್ಕೆ ತಿರುಗಿಸಿದಾಗ ಬಲಗಡೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ಒಂದು ಗೇಣು ಉಳಿದಿತ್ತು. ಒಳಗೆ ಪಾತ್ರೆ ಗಲಗಲ ಸದ್ದು ನಾಲ್ಕೂ ದಿನ. ಅಪ್ಪನಿಗೆ ಮಾತ್ರ ಬಹಳ ಇಷ್ಟ ಆಯಿತು, ಬೇಕಾದಾಗ ಪಕ್ಕಕ್ಕೆ ನಿಲ್ಲಿಸಿ ಶೌಚಾಲಯ, ಕಾಲು ನೀಡಿ ಐದು ನಿಮಿಷ. ತೊಂದರೆ ಆದದ್ದು ಮೂರನೇ ದಿನ. ಮಧ್ಯಾಹ್ನ ಅಪ್ಪ ಮಲಗಬೇಕು ಎಂದರು, ಮಕ್ಕಳು ಜಲಪಾತ ನೋಡಬೇಕು ಎಂದರು. ಮನೆ ಒಂದೇ, ಚಕ್ರವೂ ಅದಕ್ಕೇ. ಕೊನೆಗೆ ಅಪ್ಪ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ತೂಕಡಿಸಿದರು. ಯಾರಿಗೂ ಸಮಾಧಾನ ಇಲ್ಲ.

ಆಮೇಲೆ ಟ್ರೇಲರ್. 1,250 ಕೆಜಿ ಖಾಲಿ ತೂಕದ್ದು, ಒಂದರ ಮೇಲೊಂದು ಬಂಕ್ ಹಾಸಿಗೆ ಇರುವ ಚಿಕ್ಕದು. ಮೊದಲ ಸಂಜೆ ರಿವರ್ಸ್ ಹಾಕಲು ನನಗೆ ನಲವತ್ತು ನಿಮಿಷ ಹಿಡಿಯಿತು. 6ರ ಜಾಗದಲ್ಲಿ ಕೈ ಇಟ್ಟೆ, ಆದರೆ ಗಾಬರಿಯಲ್ಲಿ ಮತ್ತೆ ಮೇಲೆ ಹೋಗುತ್ತಿತ್ತು. ಮಳೆ ಬೇರೆ. ಮೂರು ಕುಟುಂಬದವರು ಕುರ್ಚಿ ತಿರುಗಿಸಿಕೊಂಡು ನೋಡುತ್ತಿದ್ದರು. ಕೊನೆಗೆ ಹೆಂಡತಿ "ಇಳಿಯಿರಿ ನೀವು" ಎಂದಳು. ಅವಳಿಗೆ ಮೂರು ನಿಮಿಷ ಸಾಕಾಯಿತು. ಒಮ್ಮೆ ಮುಂದೆ ಬಂದಳು, ನಿಧಾನಕ್ಕೆ ಕೂರಿಸಿದಳು. ಮೋಟರ್‌ಹೋಮೇ ಬೇಕು ಎಂದವಳು ಅವಳೇ! ಮಾರನೇ ಮಧ್ಯಾಹ್ನ ಅಪ್ಪ ಟ್ರೇಲರಿನಲ್ಲಿ ಕಾಲು ಚಾಚಿ ನಿದ್ದೆ ಮಾಡಿದರು, ನಾವು ಕಾರಿನಲ್ಲಿ ಹೋಗಿ ಬಂದೆವು. ಅಲ್ಲಿಗೆ ತೀರ್ಮಾನ ಆಯಿತು.

ಅದೇ ಮಾದರಿಯ ಹಳೆಯದೊಂದು ಸಿಕ್ಕಿದೆ. ಮೂಲೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ, ಗಟ್ಟಿ ಇದೆ. ಟೈರ್ ಹಳೆಯದು, ಬದಲಾಯಿಸುತ್ತೇನೆ. ಲೆಕ್ಕ: ತುಂಬಿದ ತೂಕ 1,650, ಶೇ. 12 ಅಂದರೆ 198. ಜನ 287, ಸಾಮಾನು 60, ಹಿಚ್ 40. ಒಟ್ಟು 585. ಸರಿ ಇದೆಯಾ ಅಣ್ಣ?

ಕೊಕ್ಕೆಸರಪಳಿ

ಕಾಗದದ ಮೇಲೆ ಸರಿ ಇದೆ. ಕೊಂಡ ಮೇಲೆ ವೇ ಬ್ರಿಡ್ಜಿಗೆ ಹೋಗಿ. ಐದೂ ಜನ ಕೂತು, ನೀರು ತುಂಬಿಸಿ, ಸಿಲಿಂಡರ್ ಹಾಕಿ. ಒಮ್ಮೆ ಟ್ರೇಲರ್ ಕಟ್ಟಿಕೊಂಡು, ಸ್ಪ್ರಿಂಗ್ ಬಾರ್ ಬಿಗಿಯದೆ, ಕಾರಿನ ನಾಲ್ಕು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಆಮೇಲೆ ಬಿಚ್ಚಿ ಕಾರು ಮಾತ್ರ. ಎರಡರ ವ್ಯತ್ಯಾಸವೇ ನಿಜವಾದ ಮೂಗಿನ ಭಾರ. ಚೀಟಿ ಇಲ್ಲಿ ಹಾಕಿ.

ಹೊಸಗಾಡಿ

ಹೋಗಿ ಬಂದೆವು. ತೂಕದವನು "ಏನು ಲೋಡು?" ಎಂದು ಕೇಳಿದ. ಅಪ್ಪ ಕಿಟಕಿಯಿಂದ "ಸಂಸಾರ" ಎಂದರು.

ಮೂಗಿನ ಭಾರ 207 ಬಂತು, ಅಂದಾಜಿಗಿಂತ ಸ್ವಲ್ಪ ಜಾಸ್ತಿ. ಕಾರು ಹೊರಬಹುದಾದ ಮಿತಿಗೆ ಇನ್ನೂ 6 ಕೆಜಿ ಉಳಿದಿದೆ. ನಾನು ಗೆದ್ದ ಖುಷಿಯಲ್ಲಿ ಚೀಟಿ ತೋರಿಸಿದರೆ ಹೆಂಡತಿ ಅದನ್ನೊಮ್ಮೆ ನೋಡಿದಳು, ಹಿಂದಿನ ಸೀಟಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದ ಮಗನನ್ನೊಮ್ಮೆ ನೋಡಿದಳು. ಅವನಿಗೆ 13 ವರ್ಷ. ಈ ವರ್ಷ ಎರಡು ಸಲ ಪ್ಯಾಂಟ್ ಬದಲಾಯಿಸಿದ್ದೇವೆ.

ಕೊಕ್ಕೆಸರಪಳಿ

ಡಿಕ್ಕಿಯಲ್ಲಿ ಏನೇನಿದೆ ಪಟ್ಟಿ ಹಾಕಿ, ನೋಡೋಣ.